ಶ್ಯಾಮನ ಹಿಂಗಾಲು

ಶ್ಯಾಮನಿಗೆ ಈಗ 18 ವರ್ಷ. ಥರೋಬ್ರೆಡ್ ಅನ್ನುವ ರೇಸ್ ತಳಿಯ ಕುದುರೆ, ರೇಸ್ ಬಿಟ್ಟು ಬಂದವನು. ಬೆಂಗಳೂರಿನ ಸುತ್ತಮುತ್ತ ಸವಾರಿ ಕಲಿಸುವ ಕಡೆ ಇಂಥ ಕುದುರೆಗಳು ಜಾಸ್ತಿ. ಎರಡು ವರ್ಷಕ್ಕೇ, ಎಲುಬು ಪೂರ್ತಿ ಬಲಿಯುವ ಮೊದಲೇ ಓಟಕ್ಕೆ ಇಳಿದ ಕಾಲುಗಳು ಅವು.

ಅವನು ಕುಂಟಲಿಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಎಡಕ್ಕೆ ಕ್ಯಾಂಟರ್, ಅಂದರೆ ನಿಧಾನದ ನಾಗಾಲೋಟ, ಹಿಡಿಯಲು ಒಪ್ಪುತ್ತಿರಲಿಲ್ಲ, ಗೊರಸು ಕ್ಲೀನ್ ಮಾಡಲು ಹಿಂಗಾಲು ಎತ್ತಿದರೆ ಕಿತ್ತುಕೊಳ್ಳುತ್ತಿದ್ದ, ಜೀನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಿದ್ದ. ಹಟ ಅಂದುಕೊಂಡೆ. ಎರಡು ತಿಂಗಳು ಹಿಮ್ಮಡಿಯಲ್ಲಿ ಒತ್ತಿ ಒತ್ತಿ ಕೆಲಸ ಮಾಡಿಸಿದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಕಣ್ಣು ತೆರೆಸಿದ್ದು ಲಾಳ ಹೊಡೆಯುವವರು. ಹಿಂಗಾಲಿನಿಂದ ಬಿಚ್ಚಿದ ಹಳೇ ಲಾಳವನ್ನು ನನ್ನ ಕೈಗಿಟ್ಟು, ಬೆರಳಾಡಿಸಿ ನೋಡಿ ಅಂದರು. ಮುಂದಿನ ಅಂಚು ಚಾಕುವಿನಂತೆ ಸವೆದಿತ್ತು. ಹಿಂದಿನ ಎರಡು ತುದಿ ಇನ್ನೂ ದಪ್ಪಗೇ ಇದ್ದವು. ಅಂದರೆ ಕಾಲು ಎತ್ತಿಡದೆ ಎಳೆದುಕೊಂಡು ನಡೆಯುತ್ತಿದ್ದ ಪಾಪ. ಮರುದಿನ ಮರಳಿನ ಮೇಲೆ ನಡೆಸಿದರೆ ಪ್ರತಿ ಹೆಜ್ಜೆಯ ಹಿಂದೆ ಕೋಲಿನಿಂದ ಗೀರಿದ ಹಾಗೆ ಒಂದು ಗೆರೆ.

ಡಾಕ್ಟರು ಬಂದು ಹಿಂಗಾಲನ್ನು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ತಕ್ಷಣ ಟ್ರಾಟ್ (ಕುಕ್ಕುಲೋಟ) ಮಾಡಿಸಿದರು. ಆಗ ಕುಂಟಿದ. ಎಕ್ಸ್‌ರೇಯಲ್ಲಿ ಹಾಕ್ ಕೀಲಿನ (ಹಿಂಗಾಲಿನ ನಡುವೆ, ನಮ್ಮ ಪಾದದ ಗಂಟಿನ ಹಾಗಿರುವ ಕೀಲು) ಕೆಳಗಿನ ಸಣ್ಣ ಸಂದುಗಳಲ್ಲಿ ಆರ್ಥ್ರೈಟಿಸ್ ಕಂಡಿತು. ಕಾಲು ಮಡಚುವ ಕೆಲಸವೆಲ್ಲ ಮೇಲಿನ ದೊಡ್ಡ ಕೀಲಿನದು, ಕೆಳಗಿನವು ಅಲುಗುವುದೇ ಕಡಿಮೆ. ಹಾಗಾಗಿ ವರ್ಷಗಳು ಕಳೆದಂತೆ ಅವು ತಾವೇ ಬೆಸೆದುಕೊಂಡು ನೋವು ಇಳಿಯುವುದೂ ಉಂಟು. ಆದರೆ ಸವೆದದ್ದು ವಾಪಸ್ ಬರುವುದಿಲ್ಲ.

ಲಾಯದಲ್ಲಿ ಕಟ್ಟಿ ರೆಸ್ಟ್ ಕೊಡಿ ಅಂತ ಸುಮಾರು ಜನ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಹೊಸ ಪೆಟ್ಟಾದರೆ ಮಾತು ಬೇರೆ, ಈ ಕಾಯಿಲೆಯಲ್ಲಿ ನಿಂತಷ್ಟೂ ಕೀಲು ಬಿಗಿಯುತ್ತದೆ. ಬೆಳಿಗ್ಗೆ ಎದ್ದಾಗ ನಮ್ಮ ಅಜ್ಜಿಯರ ಮಂಡಿ ಹಿಡಿದುಕೊಳ್ಳುತ್ತದಲ್ಲ, ಹಾಗೇ. ಶ್ಯಾಮ ಈಗ ಹಗಲೆಲ್ಲ ಬಯಲಿನಲ್ಲಿ ಇರುತ್ತಾನೆ. ಸವಾರಿ ದಿನ ಮೊದಲ 15 ನಿಮಿಷ ಕಡಿವಾಣ ಸಡಿಲ ಬಿಟ್ಟು ಬರೀ ನಡಿಗೆ, ಆಮೇಲೆ ಉದ್ದ ಗೆರೆಯಲ್ಲಿ ಟ್ರಾಟ್. ಸಣ್ಣ ಸುತ್ತು ಇಲ್ಲ, ಜಿಗಿತ ಇಲ್ಲ, ಗಟ್ಟಿ ನೆಲದ ಮೇಲೆ ಓಟ ಇಲ್ಲ. ವಾರಕ್ಕೊಮ್ಮೆ ಎರಡು ಗಂಟೆ ಓಡಿಸಿ ಆರು ದಿನ ಸುಮ್ನೆ ನಿಲ್ಲಿಸುವುದಕ್ಕಿಂತ ದಿನಾ ಅರ್ಧ ಗಂಟೆ ಎಷ್ಟೋ ವಾಸಿ. ಲಾಳ ಐದಾರು ವಾರಕ್ಕೊಮ್ಮೆ ತಪ್ಪಿಸುವುದಿಲ್ಲ. ಗೊರಸು ಬೇಗ ಉರುಳಲಿ ಅಂತ ಮುಂದಿನ ಅಂಚನ್ನು ದುಂಡಗೆ ಮಾಡಿಸುತ್ತೇನೆ. ಬೇಯಿಸಿದ ಹುರುಳಿ ಅವನಿಗೆ ಪ್ರಾಣ, ಆದರೂ ಅಳತೆ ಇಳಿಸಿದೆ. ಪಕ್ಕೆ ಮೇಲೆ ಕೈಯಾಡಿಸಿದರೆ ಎಲುಬು ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಮೈ ಭಾರ ಇಳಿದಷ್ಟೂ ಕೀಲಿಗೆ ಹಗುರ, ಅಲ್ವಾ?

ಔಷಧಿ ವಿಷಯಕ್ಕೆ ಬಂದರೆ, ಬ್ಯೂಟ್ (ಫಿನೈಲ್‌ಬ್ಯುಟಾಜೋನ್ ಅನ್ನುವ ನೋವಿನ ಔಷಧಿ) ಕೆಲಸ ಮಾಡುತ್ತದೆ. ಆದರೆ ಜಾಸ್ತಿ ದಿನ ಕೊಟ್ಟರೆ ಕರುಳಿನಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು. ಡಾಕ್ಟರು ಬರೆದಷ್ಟೇ ಕೊಡಿ, ಜೊತೆಗೆ ಇನ್ನೊಂದು ನೋವಿನ ಮಾತ್ರೆ ಬೆರೆಸಬೇಡಿ. ಯಾರೋ ಡೈಕ್ಲೋಫೆನಾಕ್ ಚುಚ್ಚಿಸಿ ಅಂದರು. ಪ್ರಾಣಿಗಳಿಗೆ ಅದು 2006ರಿಂದ ನಿಷೇಧ. ಅದನ್ನು ಕೊಟ್ಟ ದನಗಳ ಹೆಣ ತಿಂದೇ ರಣಹದ್ದುಗಳು ರಾಶಿ ರಾಶಿ ಸತ್ತವು. ನಮ್ಮ ರಾಮನಗರದ ಬೆಟ್ಟದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ.

ಡಿಸೆಂಬರ್ ಚಳಿಗೆ ಮರಳಿನ ಮೇಲೆ ಆ ಗೆರೆ ಮತ್ತೆ ಕಾಣುತ್ತದೆ. ಅಂಥ ದಿನ ಜೀನು ಹಾಕುವುದಿಲ್ಲ. ಹಗ್ಗ ಹಿಡಿದು ಮಾವಿನ ತೋಪಿನವರೆಗೆ ಇಬ್ಬರೂ ನಡೆದು ಹೋಗುತ್ತೇವೆ. ವಾಪಸ್ ಬರುವಾಗ ಬಗ್ಗಿ ನೋಡುತ್ತೇನೆ, ಅಷ್ಟು ಹೊತ್ತಿಗೆ ಗೆರೆ ಚಿಕ್ಕದಾಗಿರುತ್ತದೆ.