ಮದುವೆ ಫೋಟೋ ಕೆಡುವುದು ಹಿಂದಿನ ದಿನವೇ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗಲೂ ಎಷ್ಟೋ ಮದುವೆಗಳು ಮನೆಯಂಗಳದ ಚಪ್ಪರದಲ್ಲೇ ಆಗುತ್ತವೆ. ನೋಡಲು ಚಂದ, ಫೋಟೋ ತೆಗೆಯಲು ಕಷ್ಟ. ಅಡಿಕೆ ದಬ್ಬೆ ಕಟ್ಟಿ ಮೇಲೆ ಸೋಗೆ ಹೊದೆಸಿದ ಚಪ್ಪರದಲ್ಲಿ ಬಿಸಿಲು ತೂತುತೂತಾಗಿ ಇಳಿಯುತ್ತದೆ. ಬಿಸಿಲಿನ ಕೋಲು ಬಿದ್ದ ಜಾಗಕ್ಕೂ ಪಕ್ಕದ ನೆರಳಿಗೂ ಮೂರು ನಾಲ್ಕು ಸ್ಟಾಪ್ ವ್ಯತ್ಯಾಸ, ಒಂದೊಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು. ವರನ ಮೂಗಿನ ಮೇಲೆ ರೂಪಾಯಿಯಗಲದ ಬಿಸಿಲು ಬಿದ್ದರೆ ಆ ಜಾಗ ಪೂರ್ತಿ ಬಿಳಿಯಾಗುತ್ತದೆ, ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೇ ಉಳಿಸಿಕೊಳ್ಳುವ ರಾ ಫೈಲಿನಲ್ಲೂ ಅಲ್ಲಿ ಚರ್ಮದ ಬಣ್ಣ ಉಳಿದಿರುವುದಿಲ್ಲ. ಫೋಟೋಶಾಪಿನಲ್ಲಿ ನೂರಾರು ಮೂಗು ತಿದ್ದುತ್ತ ಕೂರುವುದು ಕಸುಬಲ್ಲ, ಶಿಕ್ಷೆ.

ಇದಕ್ಕೆ ಮದ್ದು ಎರಡು ಬಿಳಿ ಪಂಚೆ. ಉದ್ದಕ್ಕೆ ಜೋಡಿಸಿ ಹೊಲಿದು, ಮಂಟಪದ ನೆತ್ತಿಗೆ ಸರಿಯಾಗಿ, ಸೋಗೆಯ ಕೆಳಗೆ ಬಿಗಿಯಾಗಿ ಕಟ್ಟಿಸಬೇಕು. ಬಿಸಿಲಿನ ಕೋಲೆಲ್ಲ ಬಟ್ಟೆಯಲ್ಲಿ ಹರಡಿ ಮೆತ್ತನೆಯ ಬೆಳಕಾಗಿ ಇಳಿಯುತ್ತದೆ. ಕಟ್ಟಿಸುವುದು ಹಿಂದಿನ ದಿನ ಸಂಜೆಗೆ ಮುಗಿದಿರಬೇಕು. ಏಣಿ, ಹಗ್ಗ, ಆಳು ಎಲ್ಲ ಆಗ ಅಂಗಳದಲ್ಲೇ ಇರುತ್ತವೆ. ಮದುವೆ ದಿನ ಬೆಳಿಗ್ಗೆ ಕೇಳಿದರೆ "ಅಡ್ಡಿಲ್ಲೆ, ಕಟ್ಟನ" ಎನ್ನುತ್ತಾರೆ, ಯಾರೂ ಕಟ್ಟುವುದಿಲ್ಲ.

ಶಾಮಿಯಾನದ್ದು ಬೇರೆಯೇ ಗೋಳು. ಕೆಂಪು, ಗುಲಾಬಿ ಬಟ್ಟೆಯ ಕೆಳಗೆ ಎಲ್ಲರ ಮುಖವೂ ಕುಂಕುಮ ಚೆಲ್ಲಿದಂತೆ. ನೀಲಿ ತಾಡಪತ್ರಿಯ ಕೆಳಗೆ ಇನ್ನೂ ಕಷ್ಟ. ಅದರ ಮೂಲಕ ಇಳಿಯುವ ಬೆಳಕಿನಲ್ಲಿ ಕೆಂಪು ಬಹಳ ಕಡಿಮೆ, ಇಲ್ಲದ ಬಣ್ಣವನ್ನು ಕ್ಯಾಮೆರಾದ ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ತಂದುಕೊಡುವುದಿಲ್ಲ. ಶಾಮಿಯಾನದವರಿಗೆ ಮೊದಲೇ ಒಂದು ಮಾತು ಹೇಳಿದರೆ ಮಂಟಪದ ಮೇಲಷ್ಟೇ ಬಿಳಿ ಬಟ್ಟೆ ಹಾಕುತ್ತಾರೆ, ಅಷ್ಟು ಸಾಕು. ನೆಲವನ್ನೂ ನೋಡಿಕೊಳ್ಳಿ. ಕೆಂಪು ಮಣ್ಣು, ಚಿರೆಕಲ್ಲಿನ ಗೋಡೆ, ಸಗಣಿ ಸಾರಿಸಿದ ಅಂಗಳ, ಪಕ್ಕದ ಅಡಿಕೆ ತೋಟ, ಪ್ರತಿಯೊಂದೂ ತನ್ನ ಬಣ್ಣವನ್ನು ಗಲ್ಲದ ಕೆಳಗೆ ಬಳಿಯುತ್ತದೆ. ಮಂಟಪದ ಮುಂದೆ ತಿಳಿಬಣ್ಣದ ಜಮಖಾನೆ ಹಾಸಿದರೆ ಅರ್ಧ ಸಮಸ್ಯೆ ಹೋಯಿತು. ಉಳಿದರ್ಧಕ್ಕೆ, ಜನ ಸೇರುವ ಮೊದಲು ಮಂಟಪದಲ್ಲೇ ಗ್ರೇ ಕಾರ್ಡ್ (ಬಣ್ಣ ಹೊಂದಿಸಲು ಬಳಸುವ ಬೂದು ಹಾಳೆ) ಇಟ್ಟು ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನು ಸೂರ್ಯ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಗೇ ಬರುತ್ತಾನೆ. ಮದುವೆಗಳು ಸಾಲಾಗಿ ನಿಲ್ಲುವುದೂ ಆಗಲೇ. ಗಡಿಯಾರದ ಹನ್ನೆರಡೂ ಸೂರ್ಯನ ಹನ್ನೆರಡೂ ಇಲ್ಲಿ ಒಂದಲ್ಲ. ಭಾರತೀಯ ಸಮಯದ ರೇಖೆ 82.5 ಡಿಗ್ರಿ ರೇಖಾಂಶದಲ್ಲಿದೆ, ನಾವಿರುವುದು ಅದಕ್ಕಿಂತ ಎಂಟು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕೆ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆ ಹೊತ್ತಿಗೆ. ನಡುಮಧ್ಯಾಹ್ನದ ಅಭಿಜಿನ್ ಲಗ್ನದ ಮದುವೆಯ ಮುಖ್ಯ ಗಳಿಗೆಗಳೆಲ್ಲ ಅತ್ಯಂತ ಕೆಟ್ಟ ಬೆಳಕಿನಲ್ಲೇ ನಡೆಯುತ್ತವೆ ಎಂದಾಯಿತು. ಮುಹೂರ್ತ ಬದಲಿಸಲು ಬರುವುದಿಲ್ಲವಲ್ಲ. ಜೋಡಿಯ ಫೋಟೋಗಳನ್ನು ಬೆಳಿಗ್ಗೆ ಒಂಬತ್ತರೊಳಗೆ ಅಥವಾ ಸಂಜೆ ನಾಲ್ಕೂವರೆ ನಂತರ ಎಂದು ಮನೆಯವರ ಹತ್ತಿರ ಮೊದಲೇ ಒಪ್ಪಿಸಿಕೊಳ್ಳಬೇಕು.

ಚಪ್ಪರದೊಳಗೆ ಫ್ಲಾಶನ್ನು ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಪಂಚೆ ಕಟ್ಟದ ಕಡೆಯೆಲ್ಲ ಮೇಲಿರುವುದು ಬಿಳಿ ಸೂರಲ್ಲ, ಕಂದು ಸೋಗೆ. ಅರ್ಧ ಬೆಳಕನ್ನು ಅದು ನುಂಗುತ್ತದೆ, ಉಳಿದದ್ದು ಕಂದಾಗಿ ಇಳಿಯುತ್ತದೆ. ಒಂದು ಫ್ಲಾಶನ್ನು ಬಿಳಿ ಛತ್ರಿಯೊಂದಿಗೆ ಚಪ್ಪರದ ಅಡಿಕೆ ಕಂಬಕ್ಕೆ ಕ್ಲ್ಯಾಂಪ್ ಹಾಕಿ, ಏಳಡಿ ಎತ್ತರದಲ್ಲಿ, ವಧೂವರರಿಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಕ್ಯಾಮೆರಾದಲ್ಲಿ ಐಎಸ್ಒ 800, ಎಫ್ 4, ಶಟರ್ 1/160, ಫ್ಲಾಶ್ ಎಂಟನೇ ಒಂದು ಶಕ್ತಿಯಲ್ಲಿ. ಇಲ್ಲಿಂದ ಶುರುಮಾಡಿ ಬೆಳಕು ನೋಡಿಕೊಂಡು ಹೊಂದಿಸಿಕೊಳ್ಳಬಹುದು. ಶಕ್ತಿ ಕಡಿಮೆ ಇಡುವುದಕ್ಕೆ ಕಾರಣವಿದೆ. ಪೂರ್ಣ ಶಕ್ತಿಯಲ್ಲಿ ಫ್ಲಾಶ್ ಮತ್ತೆ ಚಾರ್ಜ್ ಆಗಲು ಎರಡು ಮೂರು ಸೆಕೆಂಡ್ ಬೇಕು, ಮೇ ಸೆಕೆಯಲ್ಲಿ ಕಾದು ತಾನೇ ನಿಂತೂ ಹೋಗುತ್ತದೆ. ಅಂತಃಪಟ ಸರಿಯುವುದು ಅಷ್ಟು ಹೊತ್ತು ಕಾಯುವುದಿಲ್ಲ.

ಅಂತಃಪಟದ ವಿಷಯ ಬಂತಲ್ಲ, ಹಿಂದಿನ ದಿನ ಮಾತಾಡಲೇಬೇಕಾದ ವ್ಯಕ್ತಿ ಭಟ್ಟರು. ನಾಂದಿ ಎಷ್ಟು ಹೊತ್ತಿಗೆ, ವರಪೂಜೆ ಎಲ್ಲಿ, ಅಂತಃಪಟವನ್ನು ಕೆಳಗಿಳಿಸುತ್ತಾರೋ ಪಕ್ಕಕ್ಕೆ ಎಳೆಯುತ್ತಾರೋ, ಧಾರೆ ಎರೆಯುವಾಗ ಯಾರು ಯಾವ ಕಡೆ ನಿಲ್ಲುತ್ತಾರೆ, ಹೋಮಕುಂಡ ಮಂಟಪದ ಯಾವ ಮೂಲೆಗೆ. ಮನೆಮನೆಗೆ, ಸೀಮೆಸೀಮೆಗೆ ಕ್ರಮ ಬದಲಾಗುತ್ತದೆ. ಹತ್ತು ನಿಮಿಷದ ಮಾತುಕತೆ. ಕೇಳಿಕೊಂಡ ಫೋಟೋಗ್ರಾಫರನಿಗೆ ಭಟ್ಟರು ಮರುದಿನ ಒಂದು ಕಣ್ಸನ್ನೆಯನ್ನಾದರೂ ಮಾಡುತ್ತಾರೆ. ಕೇಳದವನು ಜನಿವಾರದ ಬೆನ್ನುಗಳ ಫೋಟೋ ತೆಗೆದುಕೊಂಡು ಬರುತ್ತಾನೆ. ಅಂತಃಪಟಕ್ಕೆ ನಿಲ್ಲಬೇಕಾದದ್ದು ಬಟ್ಟೆಯ ಅಂಚಿಗೆ ನೇರವಾಗಿ, 24ರಿಂದ 35 ಎಂಎಂ ಲೆನ್ಸ್ ಹಾಕಿ. ಎರಡೂ ಮುಖ ಒಂದೇ ಚೌಕಟ್ಟಿಗೆ ಬರುತ್ತವೆ, ತಲೆಯ ಮೇಲೆ ಬೀಳುವ ಜೀರಿಗೆ ಬೆಲ್ಲವೂ ಸಿಗುತ್ತದೆ. ಮಂಟಪದ ಹತ್ತಿರ ಚಪ್ಪಲಿ ಬೇಡ, ಮಡಿಯಲ್ಲಿರುವವರಿಗೆ ತಾಗುವುದು ಬೇಡ. ಇದನ್ನು ಅಸಿಸ್ಟೆಂಟ್ ಹುಡುಗನಿಗೂ ಹೇಳಿಡಿ.

ಲಾಜಾಹೋಮದ ಹೊತ್ತಿಗೆ ಹೊಗೆ. ಕ್ಯಾಮೆರಾದ ಮೇಲಿನ ಫ್ಲಾಶ್ ಹೊಡೆದರೆ ಹೊಗೆಯೇ ಬೆಳಗಿ ಇಡೀ ಚಿತ್ರ ಬೆಳ್ಳಗಾಗುತ್ತದೆ. ಕಂಬದ ಫ್ಲಾಶ್ ಪಕ್ಕದಿಂದಲೋ ಹಿಂದಿನಿಂದಲೋ ಬಂದರೆ ಅದೇ ಹೊಗೆ ಎಳೆಎಳೆಯಾಗಿ ಚಂದ ಕಾಣುತ್ತದೆ. ಗಾಳಿ ಬರುವ ಕಡೆ ಮಂಡಿಯೂರಿ ಕೂತು, ಅರಳು ಸುರಿಯುವ ಕೈಗಳ ಮಟ್ಟಕ್ಕೆ ಕ್ಯಾಮೆರಾ ಇಡಿ. ಎಕ್ಸ್‌ಪೋಷರ್ ಮ್ಯಾನುವಲ್‌ನಲ್ಲೇ ಇರಲಿ. ಆಟೋದಲ್ಲಿಟ್ಟರೆ ತುಪ್ಪ ಬಿದ್ದು ಜ್ವಾಲೆ ಎದ್ದಾಗಲೆಲ್ಲ ಮುಖ ಕಪ್ಪಾಗುತ್ತದೆ. ಹೋಮ ಮುಗಿದ ಮೇಲೆ ಲೆನ್ಸಿನ ಗಾಜನ್ನು ಒಮ್ಮೆ ನೋಡಿ, ತುಪ್ಪದ ಹೊಗೆಯ ಜಿಡ್ಡು ಕೂತಿರುತ್ತದೆ. ಪಂಚೆಯ ಸೆರಗಿನಲ್ಲಿ ಒರೆಸಬೇಡಿ, ಲೆನ್ಸ್ ದ್ರಾವಣದ ಎರಡು ಹನಿ ಬಟ್ಟೆಗೆ ಹಾಕಿ ಒರೆಸಿ.

ಗ್ರೂಪ್ ಫೋಟೋ ಊಟಕ್ಕೆ ಮೊದಲೇ ಮುಗಿಯಬೇಕು. ಊಟವಾದ ಮೇಲೆ ಅಜ್ಜ ಅಜ್ಜಿಯರು ಒರಗುತ್ತಾರೆ, ದೂರದವರು ಹೊರಡುತ್ತಾರೆ, ಉಳಿದವರ ಬಾಯಲ್ಲಿ ಕವಳ, ಅಂದರೆ ಎಲೆಯಡಿಕೆ. ಕವಳದ ಬಾಯಲ್ಲಿ ನಕ್ಕ ನಲವತ್ತು ಜನರ ಫೋಟೋವನ್ನು ಯಾರೂ ಗೋಡೆಗೆ ಹಾಕಿಕೊಳ್ಳುವುದಿಲ್ಲ. ಜಗಲಿಯ ನೆರಳಲ್ಲಿ ಮೂರು ಸಾಲು, ಎಫ್ 8, ಫೋಕಸ್ ನಡುವಿನ ಸಾಲಿನ ಮೇಲೆ, ಒಂದೇ ಜಾಗದಿಂದ ಕನಿಷ್ಠ ಐದು ಫ್ರೇಮ್. ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ.

ಸಮುದ್ರದ ಕಡೆಯ ಕೆಲಸಕ್ಕೂ ಹಿಂದಿನ ದಿನವೇ ಗತಿ. ಕಾರವಾರದ ಟ್ಯಾಗೋರ್ ಬೀಚಿರಲಿ, ದೇವಬಾಗವಿರಲಿ, ಗೋಕರ್ಣವಿರಲಿ, ಪ್ರೀ-ವೆಡ್ಡಿಂಗ್ ಜೋಡಿಗೆ ಬೇಕಾದ ಹೊಂಬಣ್ಣದ ಬೆಳಕು ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ. ನಮ್ಮಲ್ಲಿ ಸೂರ್ಯ ಹೆಚ್ಚುಕಡಿಮೆ ನೇರವಾಗಿ ಮುಳುಗುತ್ತಾನೆ, ಓರೆಯಾಗಿ ಜಾರುವುದಿಲ್ಲ. ನವೆಂಬರ್ ಕೊನೆಗೆ ಸೂರ್ಯಾಸ್ತ ಸುಮಾರು ಆರಕ್ಕೆ, ಮೇ ಕೊನೆಗೆ ಏಳರ ಹತ್ತಿರ. ಸೀರೆ ಬದಲಿಸಲು ಅರ್ಧ ಗಂಟೆ ಬೇಕೆನ್ನುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕು. ಉಬ್ಬರ ಇಳಿತದ ಸಮಯ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಳಿತದ ಸಂಜೆ ಸಿಕ್ಕರೆ ಒದ್ದೆ ಮರಳು ಕನ್ನಡಿಯಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದಲ್ಲಿ ಬ್ಯಾಗನ್ನು ಮರಳಿನ ಮೇಲೆ ಇಟ್ಟು ತಿರುಗುವಂತಿಲ್ಲ.

ಮನೆಗೆ ಬಂದ ಮೇಲೆ ಕ್ರಮ ತಪ್ಪಬಾರದು. ಮೊದಲು ಬ್ಲೋವರಿನಿಂದ ಮರಳು ಊದುವುದು, ಆಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಬಾಡಿ ಒರೆಸುವುದು, ಕೊನೆಗೆ ಒಣಬಟ್ಟೆ. ಮೊದಲೇ ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗೀರು ಹಾಕುತ್ತದೆ. ಟ್ರೈಪಾಡ್ ಕಾಲುಗಳನ್ನು ಬಿಚ್ಚಿ ಸಿಹಿನೀರಲ್ಲಿ ತೊಳೆದು ಒಣಗಿಸಿ.

ಡ್ರೋನ್ ಬೇಕೆಂದರೆ ಅಡ್ವಾನ್ಸ್ ಹಿಡಿಯುವ ಮೊದಲು, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ. ಕಾರವಾರದ ಹತ್ತಿರ ಐಎನ್ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನ ಕಡೆ ಕೈಗಾ ಅಣುಸ್ಥಾವರ ಇದೆ. ನಕ್ಷೆಯ ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನನ್ನು ದುಡ್ಡಿಗಾಗಿ ಹಾರಿಸಲು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಬೇಕು. "ಎಲ್ಲರೂ ಹಾರಿಸ್ತಾರಲ್ಲ" ಎಂಬ ಮಾತು ಪೊಲೀಸರ ಮುಂದೆ ನಡೆಯುವುದಿಲ್ಲ.

ಕೆಲಸ ಸಿಗುವುದು ನವೆಂಬರಿನಿಂದ ಮೇ ತನಕ. ಸಾಮಾನು ಹಾಳಾಗುವುದು ಜೂನ್‌ನಿಂದ ಸೆಪ್ಟೆಂಬರ್ ತನಕ, ಮೂಲೆಯಲ್ಲಿ ಸುಮ್ಮನೆ ಕೂತಿದ್ದಾಗ. ಇಲ್ಲಿನ ಮಳೆಗಾಲದ ತೇವದಲ್ಲಿ ಲೆನ್ಸಿನ ಒಳಗೆ ಬೂಸ್ಟು ಬರುತ್ತದೆ. ತೇವಾಂಶ ಶೇ 60-65 ದಾಟಿದರೆ ಅದಕ್ಕೆ ಹಬ್ಬ. ಬೂಸ್ಟು ಬಿಡುವ ಆಮ್ಲ ಗಾಜಿನ ಲೇಪವನ್ನು ತಿನ್ನುತ್ತದೆ, ಹಾಗೆ ತಿಂದದ್ದನ್ನು ಯಾವ ಸರ್ವಿಸಿನವರೂ ಮರಳಿ ಕೊಡಲಾರರು. ಕ್ಯಾಮೆರಾ ಬ್ಯಾಗಿನಲ್ಲೇ ಇಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬ್ಯಾಗಿನ ಫೋಮ್ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಲಿಗೆ ಇಡುವುದೂ ಬೇಡ, ಒಳಗಿನ ಎಣ್ಣೆ ಕರಗಿ, ಬೆಳಕಿನ ಕಿಂಡಿ ಹಿಗ್ಗಿಸಿ ಕುಗ್ಗಿಸುವ ಬ್ಲೇಡುಗಳಿಗೆ ಹರಿಯಬಹುದು.

ಹಲಸಿನ ಹಪ್ಪಳವನ್ನು ಮಳೆಗಾಲ ದಾಟಿಸುವ ವಿದ್ಯೆ ಪ್ರತಿ ಮನೆಗೂ ಗೊತ್ತು. ಲೆನ್ಸಿಗೂ ಅದೇ: ಗಾಳಿಯಾಡದ ಡಬ್ಬಿ. ರಬ್ಬರ್ ಅಂಚಿನ ಮುಚ್ಚಳದ 20-25 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಬಟ್ಟೆಯ ಚೀಲದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕೆ.ಜಿ., ಒಂದು ಸಣ್ಣ ಡಿಜಿಟಲ್ ತೇವಾಂಶ ಮಾಪಕ. ಒಳಗೆ ಶೇ 40ರಿಂದ 50 ಇರಲಿ. ಮೂವತ್ತಕ್ಕಿಂತ ಕೆಳಗಿಳಿದರೆ ರಬ್ಬರ್ ಒಣಗಿ ಬಿರಿಯುತ್ತದೆ. ಅಗ್ಗದ ಮಾಪಕಗಳು ಸುಳ್ಳು ಹೇಳುವುದು ಜಾಸ್ತಿ, ಹೀಗೆ ಪರೀಕ್ಷಿಸಿ: ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ನಾಲ್ಕು ಹನಿ ನೀರಲ್ಲಿ ಒದ್ದೆ ಮಾಡಿ, ಮಾಪಕದ ಜತೆ ಜಿಪ್ ಕವರಿನಲ್ಲಿ ಹಾಕಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ 75 ತೋರಿಸಬೇಕು. ತೋರಿಸದಿದ್ದರೆ ಎಷ್ಟು ವ್ಯತ್ಯಾಸವೆಂದು ಹಿಂಬದಿಗೆ ಬರೆದುಕೊಂಡರಾಯಿತು.

ಸಿಲಿಕಾ ಜೆಲ್ಲಿನ ನೀಲಿ ಹರಳು ಗುಲಾಬಿಯಾದಾಗ ಅಥವಾ ಕಿತ್ತಳೆ ಬಣ್ಣದ್ದು ಹಸಿರಾದಾಗ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ವಿಷ. ಅಡುಗೆಯ ಪಾತ್ರೆಗೂ ಅಡುಗೆಯ ಓವನ್ನಿಗೂ ಅದು ಬೇಡವೇ ಬೇಡ, ಕಿತ್ತಳೆ ಬಣ್ಣದ್ದೇ ಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಲೆನ್ಸನ್ನು ಹೊರತೆಗೆದು, ಹಿಂಬದಿಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಬೂಸ್ಟು. ಆ ಲೆನ್ಸನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿ ಸರ್ವಿಸಿಗೆ ಕಳಿಸಿ. ಎಸಿ ಹಾಲಿನಿಂದ ಹೊರಗೆ ಬರುವಾಗ ಕ್ಯಾಮೆರಾವನ್ನು ಬ್ಯಾಗಿನಲ್ಲೇ ಮುಚ್ಚಿ ಅರ್ಧ ಗಂಟೆ ಬಿಡುವುದೂ ಇದೇ ಲೆಕ್ಕಕ್ಕೆ ಸೇರಿದ್ದು, ಇಲ್ಲವಾದರೆ ಗಾಜೆಲ್ಲ ಬೆವರುತ್ತದೆ.

ಫೈಲುಗಳ ಮಾತು ಚಿಕ್ಕದು. 24 ಮೆಗಾಪಿಕ್ಸೆಲ್ ರಾ ಫೈಲ್ ಒಂದಕ್ಕೆ 25-30 ಎಂಬಿ, ಎರಡು ದಿನದ ಮದುವೆಯ ಮೂರು ಸಾವಿರ ಫ್ರೇಮಿಗೆ 75ರಿಂದ 90 ಜಿಬಿ. ಎರಡು ಕಾರ್ಡಿಗೂ ಒಟ್ಟಿಗೇ ಬರೆಸಿ, ಅದೇ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಮೇ ತಿಂಗಳ ಗುಡುಗು ಶುರುವಾದರೆ ಪ್ಲಗ್ಗನ್ನೇ ಕಿತ್ತಿಡಿ. ಯುಪಿಎಸ್ ಇದೆ ಎಂಬ ಧೈರ್ಯ ಮಲೆನಾಡಿನ ಸಿಡಿಲಿನ ಮುಂದೆ ಸಾಲದು.

ದುಡ್ಡಿನ ವಿಷಯ ಕಾಗದದ ಮೇಲಿರಲಿ: ಅಡ್ವಾನ್ಸ್ ಎಷ್ಟು, ಎಷ್ಟು ಹಾಳೆಯ ಆಲ್ಬಮ್, ಫೋಟೋ ಆರಿಸಿಕೊಡಲು ಮನೆಯವರಿಗೆ ಎಷ್ಟು ದಿನ. ಈ ಕೊನೆಯದನ್ನು ಬರೆಯದವರ ಆಲ್ಬಮ್ ಮಗುವಿನ ನಾಮಕರಣದ ತನಕ ಎಳೆಯುತ್ತದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದ್ದೇ. ಮದುಮಗಳ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಮಿಗೆ ಹಾಕಬೇಕಿದ್ದರೆ ಅದಕ್ಕೂ ಅದೇ ಕಾಗದದಲ್ಲಿ ಒಂದು ಸಾಲು ಬೇಕು.

ಆಲ್ಬಮ್ಮಿನ ಹಾಳೆ 12×36 ಇಂಚು, 300 ಡಿಪಿಐಗೆ 3600×10800 ಪಿಕ್ಸೆಲ್. ನಡುವಿನ ಮಡಿಕೆಯ ಎರಡೂ ಬದಿ ಒಂದೊಂದು ಇಂಚಿನೊಳಗೆ ಯಾರ ಮುಖವೂ ಬರಬಾರದು, ಫೈಲಿನ ಬಣ್ಣ ಸಾಮಾನ್ಯ ಬಳಕೆಯ ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿಯಲ್ಲಿರಲಿ. ಮೇ ಮದುವೆಯ ಆಲ್ಬಮ್ ಮಳೆ ಹಿಡಿದ ಮೇಲೆ ಕೊಡುವುದಾದರೆ ಹಾಳೆಗಳ ನಡುವೆ ಬಟರ್ ಪೇಪರ್ ಹಾಕಿ ಕೊಡಿ. ದೀಪಾವಳಿ ಕಳೆಯುವ ತನಕ ಅಡ್ಡ ಮಲಗಿಸಬೇಡಿ, ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲಿಸಿಡಿ ಎಂದು ಮನೆಯವರಿಗೆ ಹೇಳಿ. ಇಲ್ಲದಿದ್ದರೆ ಹಾಳೆಗೆ ಹಾಳೆ ಅಂಟಿ, ಬಿಡಿಸುವಾಗ ಮದುಮಗನ ಮುಖ ಎದುರು ಪುಟಕ್ಕೆ ಹೋಗಿರುತ್ತದೆ.