ಲೆಕ್ಕ ಮರೆಯದ ಅಜ್ಜಿ

16 ಜುಲೈ 2025, ಬುಧವಾರ

ಮೊನ್ನೆ ಸೋಮವಾರ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆಯ ಉದ್ಘಾಟನೆಯಾಯಿತು. ಶರಾವತಿಯ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಆ ಸೇತುವೆಯನ್ನು ನೋಡಿಕೊಂಡು ನಮ್ಮ ಮನೆಗೆ ಬಂದ ನೆಂಟರೆಲ್ಲರೂ ಇದನ್ನು ನೋಡಲು ಅಜ್ಜಿ ಇರಬೇಕಿತ್ತು ಎಂದರು. ಅವಳು ತೀರಿಕೊಂಡು ವರ್ಷ ತುಂಬುತ್ತ ಬಂತು. ಇದ್ದಿದ್ದರೆ ತೊಂಬತ್ತಮೂರು ದಾಟಿರುತ್ತಿದ್ದಳು. ಎಲ್ಲವನ್ನೂ ನುಂಗಿಕೊಂಡು ಬದುಕಿದ ಜೀವ ಎಂದು ಒಬ್ಬರು ಹೇಳಿದರು. ಆ ಮಾತನ್ನು ಗೌರವದಿಂದಲೇ ಆಡಿದರೂ ನನಗೆ ಅದು ಒಪ್ಪಿತವಾಗಲಿಲ್ಲ. ನಾನು ಕಂಡ ಅಜ್ಜಿ ಯಾವುದನ್ನೂ ನುಂಗಿಕೊಂಡವಳಲ್ಲ. ಯಾವ ಗದ್ದೆ ಹೋಯಿತು, ಎಷ್ಟು ಮರ ಹೋಯಿತು, ಯಾರು ಯಾವ ಮಾತು ಕೊಟ್ಟು ತಪ್ಪಿದರು ಎಂಬುದನ್ನೆಲ್ಲ ಕೊನೆಯವರೆಗೂ ಎಣಿಸಿ ಇಟ್ಟುಕೊಂಡಿದ್ದಳು. ಅದನ್ನು ಮರೆಯುವ ಮೊದಲು ಬರೆದಿಡಬೇಕೆಂದು ಈ ರಾತ್ರಿ ಕುಳಿತಿದ್ದೇನೆ.

ಅವಳ ಹುಟ್ಟಿದ ದಿನ ಎಲ್ಲಿಯೂ ದಾಖಲಾಗಿಲ್ಲ. ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ ತಾನು ಕರು ಕಾಯುವ ಹುಡುಗಿಯಾಗಿದ್ದೆ ಎಂದು ಅವಳು ಹೇಳುತ್ತಿದ್ದುದರಿಂದ ನಾವು ವಯಸ್ಸನ್ನು ಲೆಕ್ಕ ಹಾಕಿದ್ದೆವು. ಜೋಗದ ವಿದ್ಯುದಾಗಾರಕ್ಕೆ ನೀರು ಕೂಡಿಡಲು ಕಟ್ಟಿದ ಆ ಅಣೆಕಟ್ಟೆಯೇ ಅವಳ ತವರಿನ ಕೆಳಗಿನ ಗದ್ದೆಗಳನ್ನು ಮೊದಲು ತೆಗೆದುಕೊಂಡಿತು. ಶರಾವತಿಯ ಮುಳುಗಡೆ ಎಂದೊಡನೆ ಎಲ್ಲರೂ ಲಿಂಗನಮಕ್ಕಿ ಅಣೆಕಟ್ಟೆಯನ್ನು ಮಾತ್ರ ನೆನೆಯುತ್ತಾರೆ. ಅದಕ್ಕೂ ಮೊದಲು ಒಮ್ಮೆ ಗುಡ್ಡ ಹತ್ತಿದ ಮನೆತನಗಳಿದ್ದವು, ಅವುಗಳಲ್ಲಿ ಕೆಲವು ಎರಡನೆಯ ಬಾರಿಯೂ ಹತ್ತಬೇಕಾಯಿತು ಎಂಬುದನ್ನು ನಾನು ತಿಳಿದದ್ದು ಅಜ್ಜಿಯ ಬಾಯಿಂದ.

ಮದುವೆಯಾಗಿ ಬಂದ ಮನೆಯವರು ಗೇಣಿದಾರರು. ಹೊಲ ಒಡೆಯರದು, ದುಡಿಮೆ ಇವರದು. ಗೇಣಿಯ ಭತ್ತವನ್ನು ಅಳೆಯುವಾಗ ಒಡೆಯರ ಮನೆಯ ಕೊಳಗ ನಮ್ಮ ಕೊಳಗಕ್ಕಿಂತ ಹೆಚ್ಚು ಭತ್ತ ಹಿಡಿಯುತ್ತಿತ್ತು ಎಂದು ಅಜ್ಜಿ ಹೇಳುವಾಗ, ಅಷ್ಟು ದಶಕಗಳ ನಂತರವೂ, ಅವಳ ಎರಡು ಕೈಗಳು ಆ ಎರಡು ಕೊಳಗಗಳ ಬಾಯಿಯಗಲವನ್ನು ಗಾಳಿಯಲ್ಲಿ ತೋರಿಸುತ್ತಿದ್ದವು. 1951ರಲ್ಲಿ ಕಾಗೋಡಿನ ಗೇಣಿದಾರರು ಇದೇ ಕೊಳಗದ ಅಳತೆಯ ವಿಚಾರವಾಗಿ ಸತ್ಯಾಗ್ರಹಕ್ಕೆ ನಿಂತರು. ಆ ಹೋರಾಟದ ಮುಂದಾಳು ಎಚ್. ಗಣಪತಿಯಪ್ಪನವರ ಹೆಸರನ್ನು, ಬೆಂಬಲಕ್ಕೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ ಅವರ ಹೆಸರನ್ನು ಅಕ್ಷರ ಬಾರದ ಅಜ್ಜಿ ತಪ್ಪದೆ ಹೇಳುತ್ತಿದ್ದಳು. ಆಗ ಅವಳ ಮಡಿಲಲ್ಲಿ ಮೊದಲ ಮಗು. ಸತ್ಯಾಗ್ರಹಕ್ಕೆ ಹೋಗಿದ್ದ ಅವಳ ಸೋದರಮಾವ ಜೈಲಿನಿಂದ ಹಿಂದಿರುಗಿ ಬಂದು ಹೇಳಿದ್ದನ್ನು ಕೇಳಿದ ಮೇಲೆ, ಅಳೆಯುವವರ ಕೈ ನೋಡದೆ ಭತ್ತ ಕೊಡಬಾರದೆಂದು ಅಜ್ಜನಿಗೆ ತಾಕೀತು ಮಾಡಿದಳಂತೆ. ಅಲ್ಲಿಯವರೆಗೆ ಮನೆಯ ಹೆಂಗಸರು ಕಣದ ಲೆಕ್ಕಕ್ಕೆ ಬಾಯಿ ಹಾಕುವ ರೂಢಿಯೇ ಇರಲಿಲ್ಲ.

ಲಿಂಗನಮಕ್ಕಿಯ ಮಾತು ಬಂದಾಗ ಅವಳ ದನಿ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಸರ್ವೆಯವರು ಬಂದು ನೀರು ನಿಲ್ಲುವ ಮಟ್ಟಕ್ಕೆ ಗುರುತು ಹಾಕಿ ಹೋದರು. 1819 ಅಡಿ ಎಂಬ ಆ ಸಂಖ್ಯೆ, ಓದು ಬಾರದವರ ಬಾಯಲ್ಲಿಯೂ ದೇವರ ಹೆಸರಿನಷ್ಟು ಸಲೀಸಾಗಿ ಬರುತ್ತಿತ್ತು. ಗುರುತಿನಿಂದ ಕೆಳಗಿನವರೆಲ್ಲ ಏಳಬೇಕಿತ್ತು. ಬಳಗದ ಬಹುಪಾಲು ಜನರನ್ನು ಲಾರಿಗಳಲ್ಲಿ ಶಿವಮೊಗ್ಗದ ಕಡೆಯ ಕಾಡುಗಳಿಗೆ ಸಾಗಿಸಿದರು. ಅಜ್ಜಿ ಲಾರಿ ಹತ್ತಲು ಒಪ್ಪಲಿಲ್ಲ. ಕಂಡರಿಯದ ಕಾಡಿಗಿಂತ ಕಂಡ ಗುಡ್ಡವೇ ಮೇಲು, ಈ ಗುಡ್ಡದಲ್ಲಿ ನೀರಿನ ಸೆಲೆ ಎಲ್ಲಿದೆ, ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದು ತನಗೆ ಗೊತ್ತು ಎಂಬುದು ಅವಳ ವಾದ. ಹೀಗೆ ನಮ್ಮ ಮನೆ ತುಮರಿಯ ಕಡೆಯ ಎತ್ತರದಲ್ಲಿ ಉಳಿಯಿತು. ಅಜ್ಜ ಮತ್ತು ಮಕ್ಕಳು ಹಳೆಯ ಮನೆಯ ಹೆಂಚು, ತೊಲೆ, ಬಾಗಿಲುಗಳನ್ನು ಬಿಚ್ಚಿ ಹೊತ್ತು ತಂದರು. ಅಜ್ಜಿ ಎಲ್ಲಕ್ಕಿಂತ ಮೊದಲು ಸಾಗಿಸಿದ್ದು ಬೀಜದ ಭತ್ತವನ್ನು ಮತ್ತು ಬಾಣಂತನದಲ್ಲಿದ್ದ ಎಮ್ಮೆಯನ್ನು. ಕೊಟ್ಟಿಗೆಯನ್ನು ಮನೆಗಿಂತ ಮುಂಚೆ ಕಟ್ಟಿಸಿದಳು. ಆ ಮಳೆಗಾಲದಲ್ಲಿ ಐದು ಮಕ್ಕಳು ಮಲಗಿದ್ದೂ ಆ ಕೊಟ್ಟಿಗೆಯ ಅಟ್ಟದ ಮೇಲೆಯೇ.

ಪರಿಹಾರದ ಹಣ ಭೂಮಿಯ ದಾಖಲೆಯಲ್ಲಿ ಹೆಸರಿದ್ದವರ ಕೈ ಸೇರಿತು. ಗೇಣಿ ಚೀಟಿಯೂ ಇಲ್ಲದ ನಮ್ಮವರಿಗೆ ಮನೆಯ ಮರಮುಟ್ಟಿಗೆಂದು ಅಲ್ಪಸ್ವಲ್ಪ ಸಿಕ್ಕಿತಷ್ಟೇ. ಈ ಅನ್ಯಾಯದ ಪೂರ್ಣ ತೂಕ ನನಗೆ ಅರ್ಥವಾಗಿದ್ದು ಕಾಲೇಜಿನಲ್ಲಿ ಭೂಸುಧಾರಣೆಯ ಪಾಠ ಓದುವಾಗ. 1974ರಲ್ಲಿ ದೇವರಾಜ ಅರಸರ ಸರ್ಕಾರದ ತಿದ್ದುಪಡಿ ಕಾಯ್ದೆ ಜಾರಿಗೆ ಬಂದು ಉಳುವವನೇ ಹೊಲದೊಡೆಯನಾದಾಗ, ನಮ್ಮ ಅಜ್ಜ ಉಳುತ್ತಿದ್ದ ಹೊಲದ ಮೇಲೆ ನೀರು ನಿಂತು ಹತ್ತು ವರ್ಷವಾಗಿತ್ತು. ಅಣೆಕಟ್ಟೆ ಹತ್ತು ವರ್ಷ ತಡವಾಗಿದ್ದರೆ, ಅಥವಾ ಕಾಯ್ದೆ ಹತ್ತು ವರ್ಷ ಬೇಗ ಬಂದಿದ್ದರೆ, ಪರಿಹಾರ ಪಡೆಯುವ ಹೆಸರು ನಮ್ಮದಾಗಿರುತ್ತಿತ್ತು. ಹಿನ್ನೀರಿನ ಎಷ್ಟೋ ಗೇಣಿ ಕುಟುಂಬಗಳ ಬಡತನಕ್ಕೆ ಈ ಕಾಲದ ಹಿಂದುಮುಂದೇ ಕಾರಣವೆಂದು ನಾನು ನಂಬಿದ್ದೇನೆ.

ಅಷ್ಟರಲ್ಲಿ ಅಜ್ಜ ಇರಲಿಲ್ಲ. ಒಂದು ಮಳೆಗಾಲದ ರಾತ್ರಿ ಹೊಟ್ಟೆನೋವೆಂದು ಒದ್ದಾಡಿದ ಅವನನ್ನು ಸಾಗರಕ್ಕೆ ಸಾಗಿಸಲು ದೋಣಿ ಸಿಗಲಿಲ್ಲ. ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಹೋಗುವುದು ಆ ಸ್ಥಿತಿಯಲ್ಲಿ ಸಾಧ್ಯವಿರಲಿಲ್ಲ. ಬೆಳಗಾಗುವುದರೊಳಗೆ ಎಲ್ಲ ಮುಗಿದಿತ್ತು. ನಲವತ್ತು ತುಂಬದ ಅಜ್ಜಿ ಐದು ಮಕ್ಕಳೊಡನೆ ಉಳಿದಳು. ಅದರ ಮೂರು ವರ್ಷಗಳ ಬಳಿಕ ಊರವರೆಲ್ಲ ಗೇಣಿ ಹೊಲದ ಹಕ್ಕು ಕೇಳುವ ಅರ್ಜಿಯಾದ ಫಾರಂ ನಂಬರ್ ಏಳನ್ನು ತುಂಬಿಸುತ್ತಿರುವುದನ್ನು ಕೇಳಿ ಅವಳೂ ಸಾಗರಕ್ಕೆ ಹೋಗಿ, ಅರ್ಜಿ ಬರೆಯುವವನ ಮುಂದೆ ಕುಳಿತು, ಮುಳುಗಿದ ಗದ್ದೆಗೆ ಡಿಕ್ಲರೇಷನ್ ಬರೆಯಲು ಹೇಳಿದಳು. ಇಲ್ಲದ ಗದ್ದೆಗೆ ಹೇಗೆ ಬರೆಯಲಿ ಎಂದು ಅವನು ಕೇಳಿದ್ದಕ್ಕೆ, "ಗದ್ದೆ ಎಲ್ಲಿಗೂ ಹೋಗ್ಲಿಲ್ಲ, ಅಲ್ಲೇ ಐತೆ. ಮೇಲೆ ನೀರು ನಿಂತೈತೆ, ಅಷ್ಟೇ" ಎಂದಳಂತೆ. ಅರ್ಜಿ ಸ್ವೀಕಾರವಾಗಲಿಲ್ಲ. ಆದರೆ ಅವಳು ಕಚೇರಿಯ ಮೆಟ್ಟಿಲು ಹತ್ತುವುದನ್ನು ಅಲ್ಲಿಂದ ಮುಂದೆ ಬಿಡಲಿಲ್ಲ. ಗುಡ್ಡದ ಮೇಲೆ ತಾನೇ ಕಡಿದು ಹಸನು ಮಾಡಿದ ನೆಲಕ್ಕೆ ಹಕ್ಕುಪತ್ರ ಕೊಡಿ ಎಂದು ಕೇಳುತ್ತಲೇ ಹೋದಳು.

ಗಂಡಸಿಲ್ಲದ ಮನೆಯನ್ನು ಅವಳು ನಡೆಸಿದ ಬಗೆಯಲ್ಲಿ ಕಾಠಿಣ್ಯವೂ ಇತ್ತು. ದೊಡ್ಡತ್ತೆಯನ್ನು ನಾಲ್ಕನೆಯ ತರಗತಿಗೆ ಶಾಲೆ ಬಿಡಿಸಿ ದನ ಕಾಯಲು ಹಚ್ಚಿದಳು, ಅದೇ ಹಾಲಿನ ಹಣದಿಂದ ಕಿರಿಯರನ್ನು ಸಾಗರದ ಹಾಸ್ಟೆಲಿನಲ್ಲಿಟ್ಟು ಓದಿಸಿದಳು. ದೊಡ್ಡತ್ತೆ ಇದನ್ನು ಎಂದೂ ಮರೆಯಲಿಲ್ಲ, ಅಜ್ಜಿಯೂ ಅದಕ್ಕಾಗಿ ಬಾಯಿಬಿಟ್ಟು ವಿಷಾದಿಸಲಿಲ್ಲ. ಆದರೆ ತನ್ನ ಕಿವಿಯ ಓಲೆಯನ್ನೂ ಗುಡ್ಡದ ಅಡಿಕೆ ತೋಟದ ಅರ್ಧ ಉತ್ಪನ್ನವನ್ನೂ ದೊಡ್ಡತ್ತೆಗೇ ಕೊಡಬೇಕೆಂದು ಗಂಡುಮಕ್ಕಳಿಂದ ಮಾತು ತೆಗೆದುಕೊಂಡಿದ್ದಳು. ತನ್ನ ಲೆಕ್ಕದಲ್ಲಿ ತಾನೇ ಸಾಲಗಾರಳಾಗಿದ್ದುದೂ ಅವಳಿಗೆ ತಿಳಿದಿತ್ತು.

ಗುಡ್ಡದ ಮೇಲಿನ ಮನೆಯ ಹೊಸ ಗೋಡೆ ಒಣಗಿದ ಮೊದಲ ವರ್ಷವೇ ಅವಳು ಅದಕ್ಕೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಿಂದ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆದಳು. ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಬರೆಯುವ ಆ ಚಿತ್ತಾರವನ್ನು ಯಾವ ಮದುವೆಯೂ ಇಲ್ಲದ ವರ್ಷದಲ್ಲಿ ಏಕೆ ಬರೆದೆ ಎಂದು ನಾನು ಕೇಳಿದ್ದೆ. ಮನೆ ಎಂದು ಗೋಡೆಗೆ ಗೊತ್ತಾಗಬೇಕಲ್ಲ ಎಂದಿದ್ದಳು. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ಭೂಮಿ ಹುಣ್ಣಿಮೆಯ ಬುಟ್ಟಿಯನ್ನೂ ಅಷ್ಟೇ, ಗದ್ದೆಯೇ ಇಲ್ಲದ ವರ್ಷಗಳಲ್ಲಿಯೂ ತಪ್ಪದೆ ಬರೆದು, ಬೆಳಗಿನ ಜಾವದಲ್ಲಿ ಹಿನ್ನೀರಿನ ಅಂಚಿಗೆ ಹೋಗಿ ಆ ಊಟದ ಚರಗ ಚೆಲ್ಲಿ ಬಂದಳು. ನೀರಿನಡಿಯ ಭೂಮಿಯೂ ಬಸುರಿಯೇ ಎಂಬ ಅವಳ ನಂಬಿಕೆಗೆ ನಾನು ಬೇರೆ ವಿವರಣೆ ಹುಡುಕಲು ಹೋಗುವುದಿಲ್ಲ.

ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಹಿನ್ನೀರು ಇಳಿದು, ಲಿಂಗನಮಕ್ಕಿಯೊಳಗೇ ಮುಳುಗಿರುವ ಮಡೆನೂರಿನ ಹಳೆಯ ಅಣೆಕಟ್ಟೆ ಮೇಲೆ ಕಾಣಿಸಿಕೊಳ್ಳುತ್ತದೆ. ಈಗ ಜನ ಅದನ್ನು ನೋಡಲು ದೂರದಿಂದ ಬರುತ್ತಾರೆ. ಅಂಥ ಒಂದು ಬೇಸಿಗೆಯಲ್ಲಿ ಅಜ್ಜಿ ನಮ್ಮನ್ನು ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ನಡೆಸಿಕೊಂಡು ಹೋಗಿ, ಕಪ್ಪಾಗಿ ನಿಂತ ಮರದ ಬುಡಗಳನ್ನು ಒಂದೊಂದಾಗಿ ಹೆಸರಿಸಿದಳು. ಇದು ಅಪ್ಪೆಮಾವು, ಇದು ಹಲಸು, ಇಲ್ಲಿ ನಮ್ಮ ಕಣ, ಇಲ್ಲಿ ನಿನ್ನ ಅಪ್ಪ ಹುಟ್ಟಿದ್ದು. ಮರಗಳನ್ನು ಅವಳು ಹೇಳಿದ ಕ್ರಮ ಯಾವಾಗಲೂ ಒಂದೇ. ಕೊನೆಯ ಎರಡು ವರ್ಷಗಳಲ್ಲಿ ಮಕ್ಕಳ ಹೆಸರುಗಳನ್ನು ಅದಲುಬದಲು ಮಾಡುತ್ತಿದ್ದಾಗಲೂ ಆ ಕ್ರಮ ತಪ್ಪಲಿಲ್ಲ.

ಈ ನದಿಯ ವಿದ್ಯುತ್ತು 1965ರ ಹೊತ್ತಿಗೆ ನಾಡಿಗೆಲ್ಲ ಹರಿಯತೊಡಗಿದರೂ ನನ್ನ ತಾಯಿ ಮದುವೆಯಾಗಿ ಬಂದಾಗ ನಮ್ಮ ಮನೆಯಲ್ಲಿ ಸೀಮೆಎಣ್ಣೆ ಬುಡ್ಡಿಯೇ ಇತ್ತು. ಆ ಬೆಳಕಿನಲ್ಲಿ ಓದಿದ ಚಿಕ್ಕಪ್ಪನೇ ಈಗ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಾನೆ. ಸಂತ್ರಸ್ತರಿಗೆಂದು ಅರಣ್ಯ ಭೂಮಿಯನ್ನು ಬಿಡುಗಡೆ ಮಾಡಿದ್ದ ಅಧಿಸೂಚನೆಗಳು 2021ರಲ್ಲಿ ರದ್ದಾದ ಸುದ್ದಿಯನ್ನು ಅವನು ಓದಿ ಹೇಳಿದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: ಮತ್ತೆ ಅರ್ಜಿ ಹಾಕಲು ಕೊನೆಯ ದಿನ ಯಾವುದು? ಅವಳ ಹೆಬ್ಬೆಟ್ಟಿನ ಗುರುತಿರುವ ಅರ್ಜಿಗಳ ಪ್ರತಿಗಳು, ರಸೀದಿಗಳು, ಉತ್ತರವೆಂದು ಬಂದ ಕೆಲವು ಹಿಂಬರಹಗಳು ಹಳೆಯ ಖಾದಿ ಚೀಲವೊಂದರಲ್ಲಿ ಇವೆ. ಇಂದು ಮಧ್ಯಾಹ್ನ ಚಿಕ್ಕಪ್ಪನೂ ನಾನೂ ಅವುಗಳನ್ನು ವರ್ಷದ ಪ್ರಕಾರ ಜೋಡಿಸಿದೆವು. ಕೆಲವು ಹಾಳೆಗಳ ಮಡಿಕೆ ಹರಿದಿದೆ, ಎರಡರ ತಾರೀಖು ಓದಲಾಗುವುದಿಲ್ಲ. ಅರ್ಜಿದಾರರ ಹೆಸರಿನ ಮುಂದೆ ಇನ್ನು ವಾರಸುದಾರರು ಎಂದು ಬರೆಯಬೇಕು, ಅದಕ್ಕೆ ವಂಶವೃಕ್ಷದ ದೃಢೀಕರಣ ಬೇಕು, ದೊಡ್ಡತ್ತೆಯ ಸಹಿಯೂ ಬೇಕು. ಶುಕ್ರವಾರ ಹೊಳೆ ದಾಟಿ ಸಾಗರಕ್ಕೆ ಹೋಗುತ್ತೇವೆ.