ಒಂದೇ ಸ್ಲೈಡಿನ ಸುತ್ತ ಐದು ಜನ

ವೈದ್ಯಕೀಯ ಓದುವಾಗ, ಅಂಗಾಂಶ ಮತ್ತು ರಕ್ತವನ್ನು ಪರೀಕ್ಷಿಸಿ ರೋಗ ಗುರುತಿಸುವ ಪೆಥಾಲಜಿ ಇಷ್ಟವೆಂದು ಬಾಯಿಬಿಟ್ಟವರಿಗೆ ಎದುರಾಗುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಯಾಕೆ, ರೋಗಿಗಳನ್ನು ನೋಡುವುದು ನಿನಗೆ ಹಿಡಿಸುವುದಿಲ್ಲವೇ?" ಎರಡನೆಯ ವರ್ಷದಲ್ಲಿ ನನಗೂ ಈ ಪ್ರಶ್ನೆ ಹಲವು ಸಲ ಎದುರಾಯಿತು. ಕೇಳಿದವರ ಮನಸ್ಸಿನಲ್ಲಿ ಕುಹಕವೇನೂ ಇರಲಿಲ್ಲ. ಆದರೂ ಪ್ರತಿ ಸಲವೂ ಏನೋ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಾನು ತಡವರಿಸುತ್ತಿದ್ದೆ, ಕೊನೆಗೆ "ಇನ್ನೂ ತೀರ್ಮಾನ ಮಾಡಿಲ್ಲ" ಎಂದು ಮಾತು ಮುಗಿಸುತ್ತಿದ್ದೆ. ನಿಜ ಹೇಳುವುದಾದರೆ, ಕ್ಷಯರೋಗದ ಒಂದು ಸ್ಲೈಡನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದ ದಿನವೇ ನನ್ನ ತೀರ್ಮಾನ ಆಗಿಹೋಗಿತ್ತು. ಅದುವರೆಗೆ ಕ್ಷಯವೆಂದರೆ ನನ್ನ ಪಾಲಿಗೆ ಜ್ವರ, ಕೆಮ್ಮು, ತೂಕ ಇಳಿಕೆ ಎಂಬ ಪಟ್ಟಿಯಾಗಿತ್ತು. ಮೈಕ್ರೋಸ್ಕೋಪಿನಲ್ಲಿ ಕಂಡದ್ದು ಒಂದು ಮುತ್ತಿಗೆಯ ಚಿತ್ರ: ನಡುವೆ ಆಕಾರ ಕಳೆದುಕೊಂಡು ಸತ್ತ ಅಂಗಾಂಶ, ಅದರ ಸುತ್ತ ಸಾಲುಗಟ್ಟಿದ, ರೋಗಾಣು ನುಂಗುವ ಮ್ಯಾಕ್ರೋಫೇಜ್ ಕೋಶಗಳು, ಅವುಗಳಲ್ಲಿ ಕೆಲವು ಒಂದರೊಳಗೊಂದು ಬೆರೆತು ಕೋಶಕೇಂದ್ರಗಳನ್ನು ಅಂಚಿನಲ್ಲಿ ಕುದುರೆಲಾಳದಂತೆ ಜೋಡಿಸಿಕೊಂಡ ಲ್ಯಾಂಗ್‌ಹಾನ್ಸ್ ದೈತ್ಯಕೋಶಗಳು, ಹೊರಗಡೆ ಲಿಂಫೋಸೈಟುಗಳೆಂಬ ಬಿಳಿ ರಕ್ತಕಣಗಳ ಕಾವಲು. ಪಟ್ಟಿಯಲ್ಲಿದ್ದ ಪ್ರತಿಯೊಂದು ಲಕ್ಷಣಕ್ಕೂ ಇಲ್ಲೊಂದು ಕಾರಣ ಕುಳಿತಿತ್ತು. ಇದನ್ನು ಯಾರ ಬಳಿಯಾದರೂ ಹೇಳಿಕೊಳ್ಳಬೇಕೆನಿಸಿತು, ಆದರೆ ಹೇಳಲು ಯಾರೂ ಇರಲಿಲ್ಲ.

ಇದಕ್ಕೆ ಕಾರಣಗಳನ್ನು ಆಮೇಲೆ ಯೋಚಿಸಿದ್ದೇನೆ. ವಾರ್ಡಿನಲ್ಲಿ ಓಡಾಡುವ ವಿದ್ಯಾರ್ಥಿಗೆ ಶಸ್ತ್ರಚಿಕಿತ್ಸಕರು ಕಾಣುತ್ತಾರೆ, ಮಕ್ಕಳ ವೈದ್ಯರು ಕಾಣುತ್ತಾರೆ; ಪೆಥಾಲಜಿಸ್ಟ್ ಮಾತ್ರ ಒಂದು ಕಾಗದದ ಕೆಳಗಿನ ಸಹಿಯಾಗಿ ಉಳಿಯುತ್ತಾರೆ. ವರದಿ ತಾನಾಗಿಯೇ ಎಲ್ಲಿಂದಲೋ ಬರುತ್ತದೆ ಎಂಬಂತೆ ಎಲ್ಲರೂ ಅದಕ್ಕಾಗಿ ಕಾಯುತ್ತಾರೆ. ತರಗತಿಯಲ್ಲಿ ಪೆಥಾಲಜಿ ಎಂದರೆ ದಪ್ಪ ಪುಸ್ತಕ, ಗುಲಾಬಿ ಮತ್ತು ನೇರಳೆ ಪೆನ್ಸಿಲಿನಲ್ಲಿ ತುಂಬಿಸಬೇಕಾದ ರೆಕಾರ್ಡ್ ಪುಸ್ತಕ, ದಾಟಬೇಕಾದ ಪರೀಕ್ಷೆ. ಬೇರೆ ವಿಭಾಗದ ಅಧ್ಯಾಪಕರೊಬ್ಬರು, ಬೇರೆ ಸೀಟು ಸಿಗದವರು ಕೊನೆಗೆ ಸೇರುವ ಜಾಗವದು ಎಂದು ತುಂಬಿದ ತರಗತಿಯಲ್ಲಿ ತಮಾಷೆ ಮಾಡಿದ್ದರು. ಎಲ್ಲರ ಜೊತೆ ನಾನೂ ನಕ್ಕಿದ್ದೆ, ಆ ನಗು ಈಗಲೂ ಚುಚ್ಚುತ್ತದೆ. ಹೀಗಿರುವಾಗ ಈ ವಿಷಯವನ್ನು ಮೆಚ್ಚಿದವರು ಗುಟ್ಟಾಗಿಯೇ ಮೆಚ್ಚುತ್ತಾರೆ. ನನ್ನಂಥವರು ಯಾರೂ ಇಲ್ಲವೆಂದು ನಾನು ಒಂದು ವರ್ಷ ನಂಬಿದ್ದೆ. ಅದೇ ಕೋಣೆಯಲ್ಲಿ ಇನ್ನೂ ಮೂವರು ಅದನ್ನೇ ನಂಬಿಕೊಂಡು ಕುಳಿತಿದ್ದರು.

ಅವರನ್ನು ಗುರುತಿಸಿದ್ದು ಬಹಳ ಸರಳವಾದ ಲಕ್ಷಣದಿಂದ. ಪ್ರಾಯೋಗಿಕ ತರಗತಿ ಮುಗಿದು ಎಲ್ಲರೂ ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೊರಟ ಮೇಲೂ ಮೈಕ್ರೋಸ್ಕೋಪಿನ ದೀಪ ಆರಿಸದೆ ಕುಳಿತಿರುವವರು ಯಾರು ಎಂದು ನೋಡಿದರೆ ಸಾಕಾಗಿತ್ತು. ಒಬ್ಬಳು ರಕ್ತದ ಲೇಪನಗಳನ್ನು ಬಿಟ್ಟೇಳುತ್ತಿರಲಿಲ್ಲ. ಮತ್ತೊಬ್ಬನಿಗೆ ಮರಣೋತ್ತರ ಪರೀಕ್ಷೆಯ ಗೀಳು. ಮೂರನೆಯವಳು ಶಸ್ತ್ರಚಿಕಿತ್ಸಕಿಯಾಗುವುದೆಂದು ನಿಶ್ಚಯಿಸಿದ್ದಳು, ಆದರೂ ತಾನು ನಾಳೆ ಕತ್ತರಿಸಿ ತೆಗೆಯುವ ಗಂಟಿನೊಳಗೆ ಏನಿರುತ್ತದೆ ಎಂದು ತಿಳಿಯದೆ ಕತ್ತಿ ಹಿಡಿಯಲಾರೆ ಎನ್ನುತ್ತಿದ್ದಳು. ವಿಭಾಗದಲ್ಲಿ ಆಗಷ್ಟೇ ಸ್ನಾತಕೋತ್ತರ ಓದಿಗೆ ಸೇರಿದ್ದ ಸೀನಿಯರ್ ಒಬ್ಬರು, ನಾವು ನಾಲ್ವರು ಪ್ರತ್ಯೇಕವಾಗಿ ತಮ್ಮ ತಲೆ ತಿನ್ನುವುದನ್ನು ತಾಳಲಾರದೆ, ವಾರಕ್ಕೊಂದು ಸಂಜೆ ಒಟ್ಟಿಗೆ ಬನ್ನಿ ಎಂದರು. ನಮ್ಮ ಕೂಟ ಹುಟ್ಟಿದ್ದು ಹಾಗೆ. ಅದಕ್ಕೆ ಹೆಸರಿರಲಿಲ್ಲ, ಪದಾಧಿಕಾರಿಗಳಿರಲಿಲ್ಲ. ಪ್ರಮಾಣಪತ್ರವೂ ಇರಲಿಲ್ಲ, ಇದ್ದಿದ್ದರೆ ಬಹುಶಃ ಐವತ್ತು ಜನ ಸೇರುತ್ತಿದ್ದರು.

ನಾವು ಕೂರುತ್ತಿದ್ದುದು ಐದು ತಲೆಗಳ ಮೈಕ್ರೋಸ್ಕೋಪಿನ ಸುತ್ತ. ಈ ಉಪಕರಣವನ್ನು ನೋಡದವರಿಗಾಗಿ ಒಂದು ಮಾತು: ಒಂದೇ ಸ್ಲೈಡಿನ ಬಿಂಬವನ್ನು ಕನ್ನಡಿ ಮತ್ತು ಪ್ರಿಸಂಗಳ ಮೂಲಕ ಹಲವು ಜೊತೆ ಕಣ್ಣುಗಳಿಗೆ ಹಂಚುವ ಯಂತ್ರವದು. ಒಬ್ಬರು ಸ್ಲೈಡನ್ನು ಸರಿಸುತ್ತಾರೆ, ಉಳಿದವರು ಅದೇ ಕ್ಷಣದಲ್ಲಿ ಅದನ್ನೇ ನೋಡುತ್ತಾರೆ, ಬೆಳಕಿನ ಒಂದು ಸಣ್ಣ ಬಾಣ ತೋರುಬೆರಳಿನ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಇನ್ನೊಬ್ಬರ ಕಣ್ಣಿಗೆ ಏನು ಕಾಣುತ್ತಿದೆ ಎಂದು ನಮಗೆ ತಿಳಿಯುವುದಿಲ್ಲ. ಇಲ್ಲಿ ಎಲ್ಲರ ಮುಂದೆಯೂ ಇರುವ ನೋಟ ಒಂದೇ ಎಂಬುದು ಖಚಿತವಾದ್ದರಿಂದ, ವ್ಯತ್ಯಾಸವಿದ್ದರೆ ಅದು ನೋಡುವವರಲ್ಲಿಯೇ ಇರಬೇಕು. ಸೀನಿಯರ್ ಎರಡೇ ನಿಯಮ ಹಾಕಿದ್ದರು. ಮೊದಲು ಕಡಿಮೆ ವರ್ಧನೆಯಲ್ಲಿ ಇಡೀ ಸ್ಲೈಡನ್ನು ನೋಡಬೇಕು, ಕಂಡದ್ದನ್ನು ಪ್ರತಿಯೊಬ್ಬರೂ ತಮ್ಮ ಹಾಳೆಯಲ್ಲಿ ಬರೆಯುವವರೆಗೆ ರೋಗದ ಹೆಸರನ್ನು ಯಾರೂ ಉಚ್ಚರಿಸಬಾರದು. ಎರಡನೆಯ ನಿಯಮ ಮೊದಮೊದಲು ಮಕ್ಕಳಾಟದಂತೆ ಕಂಡಿತು. ಒಂದು ತಿಂಗಳೊಳಗೆ ಅದರ ಬೆಲೆ ತಿಳಿಯಿತು: ಹೆಸರೊಂದು ಬಾಯಿಗೆ ಬಂದ ಮೇಲೆ ಕಣ್ಣು ಹುಡುಕುವುದನ್ನು ನಿಲ್ಲಿಸಿ ಸಾಕ್ಷಿ ಒದಗಿಸುವ ಕೆಲಸಕ್ಕೆ ತೊಡಗುತ್ತದೆ.

ಒಂದು ಸಂಜೆಯ ಜಗಳ ಚೆನ್ನಾಗಿ ನೆನಪಿದೆ. ಬೋಧನೆಗೆಂದು ಇರಿಸಿದ್ದ ಹಳೆಯ ಪೆಟ್ಟಿಗೆಯಿಂದ ಕುತ್ತಿಗೆಯ ದುಗ್ಧಗ್ರಂಥಿಯ (ಲಿಂಫ್ ನೋಡ್) ಸ್ಲೈಡೊಂದು ಬಂದಿತ್ತು. ನಡುವೆ ಒಂದು ದೊಡ್ಡ ಕೋಶ, ಎರಡು ಹಾಲೆಗಳ ಕೋಶಕೇಂದ್ರ, ಪ್ರತಿ ಹಾಲೆಯಲ್ಲೂ ಕೆಂಪಗೆ ಎದ್ದು ಕಾಣುವ ನ್ಯೂಕ್ಲಿಯೋಲಸ್, ಗೂಬೆಯ ಕಣ್ಣುಗಳು ದಿಟ್ಟಿಸಿದಂತೆ. ನನ್ನ ಹಾಳೆಯಲ್ಲಿ ರೀಡ್-ಸ್ಟರ್ನ್‌ಬರ್ಗ್ ಕೋಶ, ಆದ್ದರಿಂದ ಹಾಡ್ಜ್‌ಕಿನ್ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ಎಂದು ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ರಕ್ತದ ಲೇಪನಗಳ ಗೆಳತಿ ಒಪ್ಪಲಿಲ್ಲ. ಎಪ್‌ಸ್ಟೀನ್-ಬಾರ್ ವೈರಾಣುವಿನಿಂದ ಬರುವ ಇನ್‌ಫೆಕ್ಷಸ್ ಮಾನೊನ್ಯೂಕ್ಲಿಯೋಸಿಸ್‌ನಲ್ಲಿಯೂ, ಸೋಂಕಿಗೆ ಎಚ್ಚೆತ್ತು ದೊಡ್ಡದಾದ ಲಿಂಫೋಸೈಟುಗಳಾದ ಇಮ್ಯುನೊಬ್ಲಾಸ್ಟ್‌ಗಳು ಇದೇ ವೇಷ ಹಾಕುತ್ತವೆ, ಒಂದು ಕೋಶವನ್ನು ನೋಡಿ ತೀರ್ಪು ಕೊಡಬೇಡ, ಅದರ ನೆರೆಹೊರೆ ನೋಡು ಎಂದಳು. ನೆರೆಹೊರೆಯಲ್ಲಿ ನಾನು ನಿರೀಕ್ಷಿಸಿದ್ದ, ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಇಯೋಸಿನೊಫಿಲ್‌ಗಳು ಇರಲಿಲ್ಲ. ಗ್ರಂಥಿಯ ಮೂಲ ವಿನ್ಯಾಸ ಅರ್ಧದಷ್ಟು ಉಳಿದೇ ಇತ್ತು. ದೊಡ್ಡ ಕೋಶಗಳ ಪಕ್ಕದಲ್ಲಿ ಎಲ್ಲ ಗಾತ್ರದ ಲಿಂಫೋಸೈಟುಗಳೂ ಇದ್ದವು. ಕೋಶದ ಮೇಲಿನ ಗುರುತು ಪ್ರೋಟೀನನ್ನು ತೋರಿಸುವ ಸಿಡಿ 30 ಬಣ್ಣ ಹಾಕಿಸಿದರೆ ತೀರಿತಲ್ಲ ಎಂದು ನಾನು ಹಟ ಹಿಡಿದೆ. ಇಮ್ಯುನೊಬ್ಲಾಸ್ಟ್‌ಗಳೂ ಸಿಡಿ 30 ತೋರಿಸಬಲ್ಲವು, ಅದೊಂದನ್ನೇ ನೆಚ್ಚಿದರೆ ತಪ್ಪಿನ ಮೇಲೆ ಮುದ್ರೆ ಒತ್ತಿದಂತಾಗುತ್ತದೆ, ಸಿಡಿ 15 ಮತ್ತು ಸಿಡಿ 45 ಸಹ ಬೇಕು ಎಂದು ಸೀನಿಯರ್ ತಿದ್ದಿದರು. ಪೆಟ್ಟಿಗೆಯ ಪಟ್ಟಿ ತೆಗೆದು ನೋಡಿದಾಗ ಗೆಳತಿಯ ಮಾತೇ ನಿಜವಾಗಿತ್ತು. ನನ್ನ ಅಡಿಗೆರೆಯನ್ನು ನೋಡಿ ಎಲ್ಲರೂ ಬಹಳ ಹೊತ್ತು ನಕ್ಕರು.

ಆ ಜಗಳದ ಬಿಸಿಯಲ್ಲೇ ಈ ಕೋಶದ ಚರಿತ್ರೆ ಹುಡುಕಿ ಓದಿದೆ, ಓದಿ ಸಮಾಧಾನವೂ ಆಯಿತು. ಥಾಮಸ್ ಹಾಡ್ಜ್‌ಕಿನ್ 1832ರಲ್ಲಿ ವಿವರಿಸಿದ ಏಳು ರೋಗಿಗಳ ಗ್ರಂಥಿಗಳನ್ನು ಅವರು ಬರಿಗಣ್ಣಿನಿಂದಲೇ ನೋಡಿದ್ದರು. ಸುಮಾರು ಒಂದು ಶತಮಾನದ ನಂತರ, ಉಳಿದಿದ್ದ ಕೆಲವು ಮಾದರಿಗಳನ್ನು ಮೈಕ್ರೋಸ್ಕೋಪಿನಲ್ಲಿ ಪರೀಕ್ಷಿಸಿದಾಗ ಅವುಗಳಲ್ಲಿ ಎಲ್ಲವೂ ಇಂದು ನಾವು ಆ ಹೆಸರಿನಿಂದ ಕರೆಯುವ ರೋಗವಾಗಿರಲಿಲ್ಲವೆಂದು ತಿಳಿಯಿತು. 1898ರಲ್ಲಿ ಕಾರ್ಲ್ ಸ್ಟರ್ನ್‌ಬರ್ಗ್ ಆ ದೊಡ್ಡ ಕೋಶಗಳನ್ನು ಸ್ಪಷ್ಟವಾಗಿ ಕಂಡರೂ ಇದು ಕ್ಷಯದ ಒಂದು ರೂಪವೆಂದು ಭಾವಿಸಿದರು; 1902ರಲ್ಲಿ ಡೊರೊತಿ ರೀಡ್ ಇದು ಕ್ಷಯವಲ್ಲ, ಬೇರೆಯೇ ರೋಗವೆಂದು ವಾದಿಸಿದರು. ಒಂದೇ ಕೋಶ, ಎರಡು ಜೊತೆ ಕಣ್ಣು, ಎರಡು ತೀರ್ಮಾನ. ನಮ್ಮ ಸಂಜೆಯ ಜಗಳ ಈ ಶಾಸ್ತ್ರದಲ್ಲಿ ಹೊಸದೇನಾಗಿರಲಿಲ್ಲ.

ಪೆಥಾಲಜಿ ಇಷ್ಟಪಡುವವರಿಗೆ ಜೊತೆಗಾರರು ಬೇಕೆಂದು ನಾನು ಹೇಳುವಾಗ ಒಂಟಿತನ ಕಳೆಯುವ ಮಾತೊಂದೇ ನನ್ನ ಮನಸ್ಸಿನಲ್ಲಿಲ್ಲ. ಇನ್ನೊಬ್ಬರ ಕಣ್ಣು ಈ ಕೆಲಸದ ಸಲಕರಣೆಗಳಲ್ಲೇ ಒಂದು. ಅನುಭವಸ್ಥ ಪೆಥಾಲಜಿಸ್ಟರು ಕಷ್ಟದ ಸ್ಲೈಡನ್ನು ಪಕ್ಕದ ಕೋಣೆಗೆ ಒಯ್ಯುತ್ತಾರೆ, ಅಲ್ಲಿಯೂ ಬಗೆಹರಿಯದಿದ್ದರೆ ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕನ್ನೇ ಬೇರೆ ಊರಿನ ತಜ್ಞರಿಗೆ ಕಳುಹಿಸುತ್ತಾರೆ. ಅದನ್ನು ಸೋಲೆಂದು ಯಾರೂ ಎಣಿಸುವುದಿಲ್ಲ. ಅಷ್ಟು ಓದಿದ್ದ ಸೀನಿಯರ್ ನಮ್ಮೆದುರು "ನನಗೆ ತಿಳಿಯುತ್ತಿಲ್ಲ, ಮೇಡಂಗೆ ತೋರಿಸಿ ಬರುತ್ತೇನೆ" ಎಂದು ಎದ್ದುಹೋದ ದಿನ ನನಗೆ ಯಾವ ಉಪನ್ಯಾಸದಲ್ಲೂ ಸಿಗದ ಪಾಠ ಸಿಕ್ಕಿತು. ವಾರ್ಡಿನಲ್ಲಿ ತಿಳಿಯದು ಎನ್ನಲು ವಿದ್ಯಾರ್ಥಿ ಹೆದರುತ್ತಾನೆ. ಐದು ತಲೆಗಳ ಮೈಕ್ರೋಸ್ಕೋಪಿನ ಮುಂದೆ ಆ ಹೆದರಿಕೆ ನಿಧಾನವಾಗಿ ಕರಗುತ್ತದೆ, ಯಾಕೆಂದರೆ ಅಲ್ಲಿ ಸುಳ್ಳು ಖಚಿತತೆ ಎರಡು ನಿಮಿಷಕ್ಕಿಂತ ಹೆಚ್ಚು ಬದುಕುವುದಿಲ್ಲ.

ಮರಣೋತ್ತರ ಪರೀಕ್ಷೆಯ ಗೀಳಿನ ಗೆಳೆಯ ಇದಕ್ಕೆ ತನ್ನದೇ ಉದಾಹರಣೆ ಕೊಡುತ್ತಿದ್ದ. 1847ರ ವಸಂತದಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯಲ್ಲಿ ಯಾಕೋಬ್ ಕೊಲೆಚ್ಕಾ ಎಂಬ ಪ್ರಾಧ್ಯಾಪಕರು ಶವಪರೀಕ್ಷೆ ಮಾಡಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನ ಕತ್ತಿ ಅವರಿಗೆ ತಗುಲಿತು, ಸೋಂಕೇರಿ ಅವರು ತೀರಿಕೊಂಡರು. ವೆನಿಸ್ ಪ್ರವಾಸದಿಂದ ಹಿಂದಿರುಗಿದ ಅವರ ಸ್ನೇಹಿತ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ಆ ಮರಣೋತ್ತರ ವರದಿಯನ್ನು ಓದಿದಾಗ, ಹೆರಿಗೆ ವಾರ್ಡಿನಲ್ಲಿ ಬಾಣಂತಿ ಜ್ವರದಿಂದ ಸಾಯುತ್ತಿದ್ದ ತಾಯಂದಿರ ದೇಹಗಳಲ್ಲಿ ಕಂಡಿದ್ದ ಬದಲಾವಣೆಗಳೇ ತಮ್ಮ ಗೆಳೆಯನ ದೇಹದಲ್ಲೂ ಇದ್ದದ್ದನ್ನು ಗಮನಿಸಿದರು. ಶವಾಗಾರದಿಂದ ನೇರವಾಗಿ ಹೆರಿಗೆ ಕೋಣೆಗೆ ಹೋಗುತ್ತಿದ್ದ ಕೈಗಳೇ ಸಾವನ್ನು ಒಯ್ಯುತ್ತಿವೆ ಎಂಬ ತರ್ಕ ಅಲ್ಲಿಂದ ಹೊರಟಿತು, ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮ ಅದೇ ವರ್ಷ ಬಂತು. ಕೈ ತೊಳೆಯುವ ಕಥೆ ಎಲ್ಲರಿಗೂ ಗೊತ್ತು, ಆದರೆ ಅದರ ಒಳಗೆ ಒಬ್ಬ ಸ್ನೇಹಿತನ ವರದಿಯನ್ನು ಇನ್ನೊಬ್ಬ ಸ್ನೇಹಿತ ಓದಿದ ಗಳಿಗೆಯಿದೆ ಎಂದು ಯಾರೂ ಹೇಳುವುದಿಲ್ಲ ಎಂಬುದು ಅವನ ದೂರು.

ಕೆಲವು ಸಲ ಗ್ರಾಸಿಂಗ್ ಕೋಣೆಗೂ ಹೋಗಿ ನಿಲ್ಲುತ್ತಿದ್ದೆವು. ಅಲ್ಲಿ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ಕಣ್ಣಿಗೆ ಹತ್ತುತ್ತದೆ, ಹೆಚ್ಚು ಹೊತ್ತು ನಿಲ್ಲಲಾಗುವುದಿಲ್ಲ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಅಂಗವನ್ನು ಅಳೆದು, ತೂಗಿ, ಅಂಚುಗಳಿಗೆ ಶಾಯಿ ಬಳಿದು, ಸರಿಯಾದ ಜಾಗಗಳಿಂದ ತುಣುಕು ಕತ್ತರಿಸುವ ಈ ಕೆಲಸದಲ್ಲಿ ತಪ್ಪಿದರೆ ಮುಂದಿನ ಯಾವ ಬಣ್ಣವೂ ಯಾವ ಮೈಕ್ರೋಸ್ಕೋಪೂ ಅದನ್ನು ಸರಿಪಡಿಸಲಾರದು. ಕಂಡದ್ದನ್ನು ಕಾಣದವರಿಗೆ ಮಾತಿನಲ್ಲಿ ಕಟ್ಟಿಕೊಡುವುದು ಎಷ್ಟು ಕಷ್ಟವೆಂದು ಅಲ್ಲಿ ಗೊತ್ತಾಯಿತು. ಹಳೆಯ ಪೆಥಾಲಜಿಸ್ಟರು ಹೃದಯ ವೈಫಲ್ಯದ ಯಕೃತ್ತಿಗೆ ಜಾಯಿಕಾಯಿಯ ಹೋಲಿಕೆಯನ್ನೂ ಉರಿಯೂತದ ಹೃದಯಾವರಣಕ್ಕೆ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಹೋಲಿಕೆಯನ್ನೂ ಯಾಕೆ ಕೊಟ್ಟರೆಂಬುದೂ ಆಗಲೇ ಅರ್ಥವಾದದ್ದು.

ಕೂಟದಲ್ಲಿ ಎಲ್ಲವೂ ಚೆನ್ನಾಗಿತ್ತೆಂದು ಹೇಳಲಾರೆ. ಒಂದು ಹಂತದಲ್ಲಿ ಅದು ರಸಪ್ರಶ್ನೆಯ ಆಟವಾಗಿಬಿಟ್ಟಿತು. ಅಪರೂಪದ ಗೆಡ್ಡೆಯ ಹೆಸರು ಮೊದಲು ಹೇಳಿದವರೇ ಗೆದ್ದರೆಂಬ ಗಾಳಿ ಬೀಸತೊಡಗಿತು. ಕುತೂಹಲದಿಂದ ಬಂದು ಮೂಲೆಯಲ್ಲಿ ಕೂರುತ್ತಿದ್ದ ಜೂನಿಯರ್ ಒಬ್ಬ ಎರಡು ವಾರ ಸುಮ್ಮನಿದ್ದು ಬರುವುದನ್ನೇ ನಿಲ್ಲಿಸಿದ. ಅವನನ್ನು ಕಳೆದುಕೊಂಡದ್ದು ನಮ್ಮ ತಪ್ಪು. ಆಮೇಲೆ ತಿಂಗಳಿಗೊಂದು ಸಂಜೆ ಬರೀ ಸಾಮಾನ್ಯ ಅಂಗಾಂಶಗಳನ್ನು, ರೋಗವಿಲ್ಲದ ಕರುಳು, ಚರ್ಮ, ಥೈರಾಯ್ಡ್‌ಗಳನ್ನು ನೋಡುವ ಪದ್ಧತಿ ತಂದೆವು, ಸಹಜವಾದದ್ದನ್ನು ಅರಿಯದೆ ಅಸಹಜವನ್ನು ಗುರುತಿಸುವುದು ಹೇಗೂ ಸಾಧ್ಯವಿಲ್ಲ. ಬೇರೆ ಕಾಲೇಜುಗಳ ನಾಲ್ಕಾರು ವಿದ್ಯಾರ್ಥಿಗಳ ಪರಿಚಯವಾದ ಮೇಲೆ, ಇಡೀ ಗಾಜನ್ನೇ ಸ್ಕ್ಯಾನ್ ಮಾಡಿದ ಡಿಜಿಟಲ್ ಸ್ಲೈಡುಗಳನ್ನು ದೂರದಿಂದ ಒಟ್ಟಿಗೆ ನೋಡುವುದೂ ಸಾಧ್ಯವಾಯಿತು. ರೋಗಿಯ ಹೆಸರು, ಸಂಖ್ಯೆ, ಗುರುತು ಹಿಡಿಯಬಹುದಾದ ಯಾವ ವಿವರವೂ ಕಾಣದಂತೆ ಮರೆಮಾಡಿದ, ಬೋಧನೆಗೆ ಅನುಮತಿಯಿರುವ ಸ್ಲೈಡನ್ನಷ್ಟೇ ಹಂಚಬೇಕೆಂದು ಸೀನಿಯರ್ ಕಟ್ಟುನಿಟ್ಟು ಮಾಡಿದ್ದರು. ಚಂದದ ಚಿತ್ರ ಸಿಕ್ಕ ಉತ್ಸಾಹದಲ್ಲಿ ಅದು ಒಬ್ಬರ ದೇಹದ ತುಣುಕೆಂಬುದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ನನ್ನ ಅನುಭವದಿಂದಲೇ ಬಲ್ಲೆ.

ಜನರೊಂದಿಗೆ ಬೆರೆಯದವರು ಪೆಥಾಲಜಿಗೆ ಹೋಗುತ್ತಾರೆ ಎಂಬ ಮಾತನ್ನು ಈಗಲೂ ಕೇಳುತ್ತೇನೆ. ಈಗ ನಾನೇ ಈ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ, ಬೆಳಗಿನಿಂದ ಸಂಜೆಯವರೆಗೆ ಮಾತಾಡಿ ಗಂಟಲು ಒಣಗಿರುತ್ತದೆ: ರೋಗಿಗಳ ಚಿಕಿತ್ಸೆಯನ್ನು ಒಟ್ಟಾಗಿ ಚರ್ಚಿಸುವ ಟ್ಯೂಮರ್ ಬೋರ್ಡಿನಲ್ಲಿ ಕ್ಯಾನ್ಸರ್ ತಜ್ಞರೊಂದಿಗೆ, ಬಣ್ಣ ಸರಿಯಾಗಿ ಹತ್ತದಾಗ ತಂತ್ರಜ್ಞರೊಂದಿಗೆ, ರೋಗಿ ಇನ್ನೂ ಮೇಜಿನ ಮೇಲಿರುವಾಗ ಫ್ರೋಜನ್ ಸೆಕ್ಷನ್ನಿನ (ಅಂಗಾಂಶವನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆಯ) ಉತ್ತರವನ್ನು ನಾವು ಇಪ್ಪತ್ತು ನಿಮಿಷದೊಳಗೆ ಯಾರಿಗೆ ಕೊಡಬೇಕೋ ಆ ಶಸ್ತ್ರಚಿಕಿತ್ಸಕರೊಂದಿಗೆ. ಬಯಾಪ್ಸಿಯ ಜೊತೆ ಬರುವ ಕೋರಿಕೆ ಪತ್ರಗಳು ನಮ್ಮ ನಿತ್ಯದ ಸಂಕಟ. ವಯಸ್ಸೂ ಇಲ್ಲದೆ, ಯಾವ ಭಾಗದಿಂದ ತೆಗೆದದ್ದೆಂದೂ ಇಲ್ಲದೆ, ಒಂದು ಪ್ರಶ್ನಾರ್ಥಕ ಚಿಹ್ನೆ ಮತ್ತು ಕ್ಯಾನ್ಸರ್ ಎಂಬ ಒಂದೇ ಪದ ಹೊತ್ತು ಬಂದ ಪತ್ರಗಳನ್ನು ನಾನು ಎಣಿಸುವುದನ್ನು ಬಿಟ್ಟಿದ್ದೇನೆ. ನಮ್ಮ ಕೂಟದ ಮೂರನೆಯ ಗೆಳತಿ ಅಂದುಕೊಂಡಂತೆಯೇ ಶಸ್ತ್ರಚಿಕಿತ್ಸಾ ವಿಭಾಗ ಸೇರಿ ಇದೇ ಆಸ್ಪತ್ರೆಯಲ್ಲಿದ್ದಾಳೆ. ಅವಳ ಪತ್ರದಲ್ಲಿ ಗಂಟು ಎಷ್ಟು ಕಾಲದಿಂದ ಇದೆ, ಸ್ಕ್ಯಾನಿನಲ್ಲಿ ಏನು ಕಂಡಿತು, ಹಿಂದಿನ ಬಯಾಪ್ಸಿಯ ಸಂಖ್ಯೆ ಯಾವುದು, ಯಾವ ಅಂಚಿಗೆ ಉದ್ದ ದಾರ ಕಟ್ಟಿದೆ ಎಂಬುದೆಲ್ಲ ಇರುತ್ತದೆ. ಜಾಗ ಸಾಲದೆ ಹಿಂಬದಿಯಲ್ಲೂ ಬರೆದಿರುತ್ತಾಳೆ, ಕಂಡದ್ದನ್ನಷ್ಟೇ, ರೋಗದ ಹೆಸರನ್ನು ಕೊನೆಯ ಸಾಲಿಗೆ ಬಿಟ್ಟು. ನಮ್ಮ ವಿಭಾಗದವರು ಈಗ ಸಹಿ ನೋಡುವ ಮೊದಲೇ ಆ ಪತ್ರವನ್ನು ನನ್ನ ಮೇಜಿನತ್ತ ಸರಿಸುತ್ತಾರೆ.